ಮೂರು ದಾರಿಯ ಕರಿಬಸವರಾಜ

ದಾವಣಗೆರೆಯ ಶಾಮನೂರು ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಾಸ್‌ಪೋರ್ಟ್ ಫೋಟೋ ಕೂಡ ತೆಗೆಯುತ್ತೇನೆ. ಪಕ್ಕದಲ್ಲೇ ಕರಿಬಸವರಾಜನ ಆಫೀಸು. ಆಫೀಸು ಎನ್ನುವುದು ಅವನ ಮಾತು. ಮೊದಲು ಅದು ಹಿಟ್ಟಿನ ಗಿರಣಿಯಾಗಿತ್ತು, ಈಗಲೂ ಮಳೆ ಹಿಡಿದರೆ ಗೋಡೆಯಿಂದ ಜೋಳದ ಹಿಟ್ಟಿನ ವಾಸನೆ ಬರುತ್ತದೆ. ನಮ್ಮಿಬ್ಬರ ನಡುವೆ ಇರುವುದು ತೆಳ್ಳನೆಯ ಗೋಡೆ. ಅವನು ಫೋನಿನಲ್ಲಿ ಕೊಚ್ಚಿಕೊಂಡಿದ್ದನ್ನೆಲ್ಲ ವರ್ಷಗಟ್ಟಲೆ ಪುಕ್ಕಟೆ ಕೇಳಿದವನು ನಾನು. ಅವನ ಚರಿತ್ರೆ ಬರೆಯಲು ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕಿಲ್ಲ. ನನ್ನ ಹೆಸರು ರೇವಣ್ಣ. ಸಿಟ್ಟು ಸ್ವಲ್ಪ ಜಾಸ್ತಿ ಎಂದು ಮನೆಯಲ್ಲಿ ಹೇಳುತ್ತಾರೆ. ಇರಬಹುದು, ಇದನ್ನು ಬರೆಯುವಾಗಲಂತೂ ಇದೆ.

ಕರಿಬಸವರಾಜ ಹುಟ್ಟಿದ್ದು ಹದಡಿಯಲ್ಲಿ. ಅಪ್ಪ ಕೆಂಚವೀರಪ್ಪನದು ಸೈಕಲ್ ಶಾಪು. ಮಗನಿಗೆ ಚಿಕ್ಕಂದಿನಿಂದಲೂ ಒಂದು ಹುಚ್ಚು: ಯಾವ ಮಾತನ್ನೂ ಒಂದೇ ದಾರಿಯಲ್ಲಿ ಕಳಿಸಬಾರದು. ಶಾಲೆಗೆ ಚಕ್ಕರ್ ಹೊಡೆಯಬೇಕಾದರೆ ಹುಷಾರಿಲ್ಲವೆಂದು ಮೇಷ್ಟ್ರಿಗೆ ತಂಗಿಯಿಂದ ಹೇಳಿಸುತ್ತಿದ್ದ, ಅವಳು ಮರೆತರೆ ಇರಲಿ ಎಂದು ಪಕ್ಕದ ಮನೆಯವರಿಂದ ಹೇಳಿಸುತ್ತಿದ್ದ, ಅವರೂ ಮರೆತರೆ ಎಂದು ಸೈಕಲ್ ರಿಪೇರಿಗೆ ಬಂದವರ ಕಿವಿಗೂ ಹಾಕುತ್ತಿದ್ದ. ಒಬ್ಬರು ಜ್ವರ ಎನ್ನುತ್ತಿದ್ದರು, ಒಬ್ಬರು ಹೊಟ್ಟೆನೋವು, ಮೂರನೆಯವರು ಅಜ್ಜಿ ತೀರಿಕೊಂಡಿದ್ದಾರೆ ಎನ್ನುತ್ತಿದ್ದರು. ಮರುದಿನ ಮೇಷ್ಟ್ರು ಮೂರಕ್ಕೂ ಸೇರಿಸಿ ಬಾರಿಸುತ್ತಿದ್ದರು. ಇದರಿಂದ ಅವನು ಕಲಿತದ್ದು ಸುಳ್ಳು ಹೇಳಬಾರದು ಎಂದಲ್ಲ, ಸುದ್ದಿ ಮೂರೂ ಕಡೆಯಿಂದ ತಲುಪಿತಲ್ಲ ಎಂದು.

ದೊಡ್ಡವನಾದ ಮೇಲೆ ಶಾಮನೂರಿಗೆ ಬಂದು ಕೇಬಲ್ ಟಿವಿ ಹಾಕಿದ. ಎದುರು ಪಾರ್ಟಿಯವರು ಅವನ ವೈರು ಕತ್ತರಿಸುತ್ತಿದ್ದರು. ಇವನು ಬಿಡುತ್ತಾನೆಯೇ? ಒಂದು ಲೈನು ಮನೆಗಳ ಮಾಳಿಗೆಯ ಮೇಲೆ, ಇನ್ನೊಂದು ಚರಂಡಿಯ ಬದಿಗೆ ಎಳೆದ. ‘ಒಂದು ಹೋದ್ರೆ ಇನ್ನೊಂದು ಐತೆ’ ಎಂದು ಎದೆ ತಟ್ಟಿಕೊಂಡು ತಿರುಗಿದ. ಎರಡು ಲೈನೂ ಬಂದು ಕೂಡುತ್ತಿದ್ದುದು ಒಂದೇ ಬೇವಿನ ಮರದಲ್ಲಿ. ಕ್ರಿಕೆಟ್ ಫೈನಲ್ಲಿನ ದಿನ, ಕೊನೆಯ ಓವರಿನಲ್ಲಿ, ಯಾರೋ ಆಡಿಗೆ ಸೊಪ್ಪು ಬೇಕೆಂದು ಆ ಮರದ ಕೊಂಬೆ ಕಡಿದರು. ಇಡೀ ಬಡಾವಣೆಯ ಟಿವಿ ಕಪ್ಪಾಯಿತು. ಜನ ಅವನ ಬಾಗಿಲಿಗೆ ಬಂದಾಗ ಅವನು ಹೇಳಿದ್ದು, ತಪ್ಪು ಬೇವಿನ ಮರದ್ದು ಎಂದು. ಅಂದೇ ನನಗೆ ಇವನ ಜಾಯಮಾನ ಅರ್ಥವಾಗಬೇಕಿತ್ತು.

ಮದುವೆಯಾದದ್ದು ಹರಿಹರದ ಆಶಾರಾಣಿಯನ್ನು. ಹೆಣ್ಣು ಒಪ್ಪಿಗೆಯಾದ ಸುದ್ದಿಯನ್ನೂ ಮೂರು ಜನರ ಕೈಲಿ ಕಳಿಸಿದ್ದ, ಪುಣ್ಯಕ್ಕೆ ಮೂವರೂ ಒಂದೇ ಹುಡುಗಿಯ ಹೆಸರು ಹೇಳಿದರು. ಆಶಾರಾಣಿ ಚುರುಕು ಹೆಣ್ಣುಮಗಳು. ಆಫೀಸಿನ ಹಿಂಭಾಗದಲ್ಲೇ ಅವರ ಮನೆ, ಇವನು ಅಲ್ಲಿ ಭಾಷಣ ಶುರು ಮಾಡಿದರೆ ‘ಒಂದ್ಸಲ ಹೇಳ್ರಿ, ಸಾಕು’ ಎಂದು ಒಳಗೆ ಹೋಗುತ್ತಾಳೆ. ಆ ಮಾತು ಗೋಡೆಯಾಚೆ ನನಗೂ ಕೇಳಿಸಿ ಎಷ್ಟೋ ಸಲ ಖುಷಿಯಾಗಿದೆ.

ಕೇಬಲ್ ಹೋಯಿತು, ಇಂಟರ್‌ನೆಟ್ ಬಂತು. ಕರಿಬಸವರಾಜ ಅದಕ್ಕೂ ಹಾರಿದ. ಹಾಗಿರುವಾಗ ಬೆಂಗಳೂರಿನ ಒಂದು ಕಂಪನಿಯವರು ಹೊಸ ಪ್ರಯೋಗಕ್ಕೆ ಜನ ಹುಡುಕುತ್ತಿದ್ದರು. ಹೊಳೆ ಏರಿದರೆ ದಂಡೆಯ ಜನಕ್ಕೆ ಮುಂಚೆಯೇ ಎಚ್ಚರಿಕೆ ಕೊಡುವ ಜಾಲ. ನೆಲದ ಮೇಲೆ ಟವರಿನ ದಾರಿ, ನಡು ಆಕಾಶದಲ್ಲಿ ಹಗ್ಗ ಕಟ್ಟಿ ಹಾರಿಬಿಟ್ಟ ಬಲೂನಿನ ದಾರಿ, ಅದಕ್ಕೂ ಮೇಲೆ ಉಪಗ್ರಹದ ದಾರಿ. ಒಂದು ಕೆಟ್ಟರೆ ಸಂದೇಶ ತಾನಾಗಿಯೇ ಇನ್ನೊಂದನ್ನು ಹುಡುಕಿಕೊಂಡು ಹೋಗುತ್ತದೆ. ಮೂರೂ ಕೆಟ್ಟರೆ ಸಾಯುವುದಿಲ್ಲ, ಪೆಟ್ಟಿಗೆಯೊಳಗೆ ಕಾದು ಕುಳಿತು, ದಾರಿ ತೆರೆದ ಕೂಡಲೇ ಹೊರಡುತ್ತದೆ. ಇದನ್ನು ಕೇಳಿದ್ದೇ ತಡ ಕರಿಬಸವರಾಜನ ಕಣ್ಣಲ್ಲಿ ನೀರು ಬಂತು. ಹದಡಿಯ ಶಾಲೆಯಲ್ಲಿ ತಿಂದ ಏಟೆಲ್ಲ ಇದಕ್ಕಾಗಿಯೇ ಎಂದು ಅವನಿಗೆ ಅನ್ನಿಸಿರಬೇಕು.

ನನಗೆ ಅದನ್ನು ವಿವರಿಸಿದ್ದು ಮಂಡಕ್ಕಿ ಮಿರ್ಚಿಯ ತಟ್ಟೆಯಲ್ಲಿ.

“ನೋಡು ರೇವಣ್ಣ, ಈ ಮಂಡಕ್ಕಿ ಐತಲ್ಲ, ಇದು ನೆಲ. ಈ ಮಿರ್ಚಿ ಬಲೂನು. ಈ ಉಳ್ಳಾಗಡ್ಡಿ,” ಎಂದು ಒಂದು ಚೂರನ್ನು ತಲೆಯ ಮೇಲೆ ಎತ್ತಿ ಹಿಡಿದ, “ಇದು ಉಪಗ್ರಹ. ಮಂಡಕ್ಕಿ ಚೆಲ್ತು ಅನ್ಕ, ಮಾತು ಮಿರ್ಚಿಗೆ ಹತ್ತುತ್ತೆ. ಮಿರ್ಚಿ ಹೋತು ಅನ್ಕ, ಉಳ್ಳಾಗಡ್ಡಿಗೆ ಹತ್ತುತ್ತೆ. ನಮ್ಮ ಮಾತು ತಡ ಆಗಬೌದು, ಕಳಿಯಂಗಿಲ್ಲ.”

“ತಟ್ಟೇನೇ ಬಿದ್ರೆ?” ಎಂದೆ.

“ನಿನ್ನಂಥರ ಹತ್ರ ಮಾತಾಡೋದು ನಂದ ತಪ್ಪು,” ಎಂದು ಉಪಗ್ರಹವನ್ನು ಬಾಯಿಗೆ ಹಾಕಿಕೊಂಡ.

ಮೂರು ದಾರಿಯ ಸಾಮಾನನ್ನು ಹರಿಹರದಲ್ಲಿ ಮೂರು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಬೇಕು ಎಂದು ಕಂಪನಿಯವರು ಹೇಳಿದ್ದರು. ಕರಿಬಸವರಾಜ ಮೂರನ್ನೂ ಅತ್ತೆ ಉಚ್ಚಂಗಮ್ಮನ ಹಿತ್ತಲಲ್ಲಿ ನಿಲ್ಲಿಸಿದ. ಮೂರು ಕಡೆ ಹೋಗಿ ನೋಡಿಕೊಳ್ಳುವುದಕ್ಕಿಂತ ಒಂದೇ ಕಡೆ ಹೋಗಿ ಅತ್ತೆಯ ಕೈಯ ಹೋಳಿಗೆ ತಿಂದು ಬರುವುದು ಸುಖ. ಹಿತ್ತಲಲ್ಲಿ ಒಂದು ಹುಣಸೇಮರವಿತ್ತು. ಉಪಗ್ರಹಕ್ಕೆ ಅಡ್ಡ ಬರುತ್ತದೆ ಎಂದು ಅದನ್ನು ಬುಡಸಮೇತ ಕಡಿಸಿದ. ಆ ಜಾಗದಲ್ಲಿ ಎರಡು ಎತ್ತರದ ಕಬ್ಬಿಣದ ಕಂಬ ನೆಟ್ಟು, ಮೇಲೆ ಅಡ್ಡಕ್ಕೊಂದು ದಪ್ಪ ಪೈಪು ಹಾಕಿಸಿದ. ಒಂದು ತುದಿಗೆ ಟವರಿನ ರೇಡಿಯೋ, ಇನ್ನೊಂದು ತುದಿಗೆ ಆಕಾಶ ನೋಡುವ ತಟ್ಟೆ, ನಡುವೆ ಬಲೂನಿನ ಹಗ್ಗ.

ಎರಡು ಕಂಬ, ಮೇಲೊಂದು ಅಡ್ಡ ಪೈಪು. ನಮ್ಮ ಕಡೆಯ ಯಾವ ಹೆಣ್ಣುಮಗಳನ್ನಾದರೂ ನಿಲ್ಲಿಸಿ ಇದೇನಮ್ಮ ಎಂದು ಕೇಳಿ ನೋಡಿ. ಜೋಕಾಲಿ ಕಂಬ ಎನ್ನದಿದ್ದರೆ ನನ್ನ ಅಂಗಡಿ ಮುಚ್ಚುತ್ತೇನೆ. ಅದೂ ಅವನು ಕಡಿಸಿದ್ದು ಪ್ರತಿವರ್ಷ ಪಂಚಮಿಗೆ ಓಣಿಯ ಹೆಂಗಸರೆಲ್ಲ ಜೋಕಾಲಿ ಕಟ್ಟುತ್ತಿದ್ದ ಮರವನ್ನು! ಆಕಾಶದಲ್ಲಿ ಯಾವ ಉಪಗ್ರಹ ಎಲ್ಲಿ ಬರುತ್ತದೆ ಎಂದು ತಿಳಿದವನಿಗೆ ಶ್ರಾವಣದಲ್ಲಿ ಪಂಚಮಿ ಬರುತ್ತದೆ ಎನ್ನುವುದು ತಿಳಿಯಲಿಲ್ಲ.

ಇನ್ನು ತಿಮ್ಮವ್ವನ ವಿಷಯ ಹೇಳಬೇಕು. ಉಚ್ಚಂಗಮ್ಮನ ಮನೆ ಓಣಿಯ ಮೇಲ್ಗಡೆ ಇದೆ. ಅದೇ ಓಣಿ ಇಳಿದು ಹೊಳೆಗೆ ಮುಟ್ಟುವಲ್ಲಿ ತಿಮ್ಮವ್ವನ ಕೊಟ್ಟಿಗೆ. ಗಂಡನಿಲ್ಲದ ಮುದುಕಿ, ಒಂದೇ ಒಂದು ಎಮ್ಮೆ. ಅದರ ಹಾಲೇ ಅವಳ ಬದುಕು. ಆ ಎಮ್ಮೆಯೂ ಹಟದ್ದು: ತಿಮ್ಮವ್ವನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಬಿಡುತ್ತಿರಲಿಲ್ಲ, ಬೇರೆಯವರು ಹಗ್ಗ ಹಿಡಿದರೆ ಹೆಜ್ಜೆ ಎತ್ತುತ್ತಿರಲಿಲ್ಲ. ಹೊಳೆ ಏರಿದಾಗಲೆಲ್ಲ ಬಟ್ಟೆ ಒಗೆಯುವವರೋ ಮೀನು ಹಿಡಿಯುವವರೋ ಮೊದಲು ಕಂಡವರು ಕೂಗುತ್ತಿದ್ದರು, ಓಣಿಯಲ್ಲಿ ಒಬ್ಬರಿಂದ ಒಬ್ಬರಿಗೆ ಕೂಗು ಹೋಗುತ್ತಿತ್ತು, ತಿಮ್ಮವ್ವ ಎಮ್ಮೆ ಬಿಚ್ಚಿಕೊಂಡು ಮೇಲೆ ಬಂದು ಹುಣಸೇಮರಕ್ಕೆ ಕಟ್ಟುತ್ತಿದ್ದಳು. ಇದಕ್ಕೆ ಯಾರೂ ಜಾಲ ಎಂದು ಹೆಸರಿಟ್ಟಿರಲಿಲ್ಲ.

ಕರಿಬಸವರಾಜ ಹೊಳೆಯ ಮೆಟ್ಟಿಲ ಬಳಿ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ ಮತ್ತು ಕ್ಯಾಮೆರಾ ಕೂರಿಸಿದ, ಕೊಟ್ಟಿಗೆಯ ಪಕ್ಕದ ಕಂಬಕ್ಕೆ ಸೈರನ್ ಕಟ್ಟಿದ. ಪೆಟ್ಟಿಗೆಗೂ ಸೈರನ್ನಿಗೂ ಕಲ್ಲೆಸೆದರೆ ಮುಟ್ಟುವಷ್ಟು ದೂರ. ಆದರೆ ಸುದ್ದಿ ನೆಟ್ಟಗೆ ಹೋಗುವಂತಿಲ್ಲ! ಪೆಟ್ಟಿಗೆಯಿಂದ ಉಚ್ಚಂಗಮ್ಮನ ಹಿತ್ತಲಿಗೆ ಹೋಗಬೇಕು, ಅಲ್ಲಿಂದ ಆಕಾಶ ಸುತ್ತಿ ದಾವಣಗೆರೆಯ ಹಿಟ್ಟಿನ ಗಿರಣಿಗೆ ಬರಬೇಕು, ಅಲ್ಲಿ ಕಂಪ್ಯೂಟರು ಹೂಂ ಅನ್ನಬೇಕು, ಮತ್ತೆ ಅದೇ ದಾರಿಯಲ್ಲಿ ಹರಿಹರಕ್ಕೆ ಹೋಗಿ ಸೈರನ್ ಊದಬೇಕು. ಯಾಕಪ್ಪಾ ಎಂದರೆ ‘ಪದ್ಧತಿ ಐತೆ’ ಎಂದ.

ಅಷ್ಟಕ್ಕೇ ಬಿಟ್ಟಿದ್ದರೂ ಸರಿಯಿತ್ತು. ಅವನು ಓಣಿಯವರನ್ನೆಲ್ಲ ಸೇರಿಸಿ ಹೇಳಿದ: “ಇನ್ಮ್ಯಾಲೆ ಯಾರೂ ಕೂಗಬ್ಯಾಡ್ರಿ. ಪೀಪಿ ಊದಿದ ಮ್ಯಾಲೇ ಎಲ್ಲಾರೂ ಏಳಬೇಕು. ಮುಂಚೆ ಎದ್ರೆ ಪರೀಕ್ಷೆ ಕೆಡತೈತೆ. ಪಾಸಾತು ಅಂದ್ರೆ ತಿಮ್ಮವ್ವ, ನಿನಗೆ ಓಣಿ ಮ್ಯಾಲ್ಗಡೆ ಕಂಪನಿಯೋರು ಹೊಸ ಕೊಟ್ಟಿಗೆ ಕಟ್ಟಿಸಿ ಕೊಡ್ತಾರೆ. ನಾನು ಬಿಚ್ಚು ಅನ್ನೋತನಕ ಎಮ್ಮೆ ಬಿಚ್ಚಬ್ಯಾಡ. ನನ್ನ ಪೀಪಿ ಅಂದ್ರೆ ನಾನೇ ಅಂತ ತಿಳ್ಕ.”

“ಆತು ಬಿಡಪ್ಪ, ನಿನ್ನ ಮಾತು ಮೀರಂಗಿಲ್ಲ,” ಎಂದಳು ತಿಮ್ಮವ್ವ. ಆಮೇಲೆ ಹಾಲು ಹಾಕಲು ಹೋದ ಮನೆಮನೆಯಲ್ಲೂ, ಆಕಾಶದಿಂದ ತನ್ನ ಎಮ್ಮೆಗೆ ಫೋನು ಬರುತ್ತದೆ ಎಂದು ಹೇಳಿಕೊಂಡು ಬಂದಳಂತೆ.

ಪ್ರಯೋಗ ನೋಡಲು ಕಂಪನಿಯ ಸಾಹೇಬರು ಮಹೇಂದ್ರ ಸರ್ ಬರುವ ದಿನ ಗೊತ್ತಾಯಿತು. ಅದು ಪಂಚಮಿಯ ದಿನವೇ. ಮಲೆನಾಡಿನ ಕಡೆ ಮಳೆ ಜೋರಾಗಿ ಹೊಳೆ ತುಂಬಿ ಬರುತ್ತಿತ್ತು, ಇಂಥ ಯೋಗ ಸಿಗುವುದಿಲ್ಲ ಎಂದು ಕರಿಬಸವರಾಜ ಕುಣಿದಾಡಿದ. ಆಶಾರಾಣಿ ಹಬ್ಬಕ್ಕೆ ತವರಿಗೆ ಹೋಗಿದ್ದಳು. ನನ್ನನ್ನು ‘ಸ್ಥಳೀಯ ನಾಗರಿಕರು’ ಎಂಬ ಲೆಕ್ಕದಲ್ಲಿ ಅವನ ಆಫೀಸಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ. ಚಪ್ಪಾಳೆ ತಟ್ಟುವುದು ನನ್ನ ಕೆಲಸ.

ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಮೂರು ಹಸಿರು ಚುಕ್ಕೆ, ಕೆಳಗೆ ಹೊಳೆಯ ಮೆಟ್ಟಿಲಿನ ಚಿತ್ರ. ಮೆಟ್ಟಿಲ ಮೇಲೆ ಒಂದು ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತಿತ್ತು. ಕರಿಬಸವರಾಜ ಕೋಲು ಹಿಡಿದು ಪಾಠ ಒಪ್ಪಿಸುತ್ತಿದ್ದ. ಮಹೇಂದ್ರ ಸರ್ ತಲೆಯಾಡಿಸುತ್ತಿದ್ದರು. ನಡುವೆ ಅವನ ಜೇಬಿನ ಫೋನು ರಿಂಗಾಯಿತು. ತೆಗೆದು ನೋಡಿ ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. “ಮನೆಯವರು ಸಾರ್, ಹಬ್ಬದ ಊಟಕ್ಕೆ ಕರೀತಾರೆ,” ಎಂದು ಹಲ್ಲು ಕಿರಿದು ಫೋನನ್ನೇ ಆರಿಸಿಟ್ಟ. ಮಾತು ಎಂದಿಗೂ ಕಳೆಯದ ಜಾಲದ ಬಗ್ಗೆ ಉಪನ್ಯಾಸ ಮುಂದುವರಿಯಿತು.

ನಾನು ಆ ಕೊಕ್ಕರೆಯನ್ನೇ ನೋಡುತ್ತಿದ್ದೆ. ಮಾಡಲು ಬೇರೆ ಏನೂ ಕೆಲಸವಿರಲಿಲ್ಲ. ಅದು ಕಾಲು ಬದಲಿಸಿರಲಿಲ್ಲ, ಕೊರಳು ತಿರುಗಿಸಿರಲಿಲ್ಲ.

“ಲೇ ಕರಿಬಸ್ಯಾ, ಆ ಕೊಕ್ಕರೆ ಅಲ್ಲಾಡವಲ್ದು,” ಎಂದೆ.

“ಮೀನಿಗೆ ಕಾಯ್ತೈತೆ, ಸುಮ್ನಿರು,” ಎಂದ.

ಆಗ ನನ್ನ ಫೋನು ಬಡಿದುಕೊಂಡಿತು. ಆಶಾರಾಣಿ! ಗಂಡನ ದಾರಿ ಮುಚ್ಚಿದೆ ಎಂದು ತಿಳಿದ ಕೂಡಲೇ ಪಕ್ಕದ ಅಂಗಡಿಯ ದಾರಿ ಹಿಡಿದಿದ್ದಳು. ಆ ದಿನ ಇಡೀ ಪ್ರಯೋಗದಲ್ಲಿ ನಿಜವಾಗಿ ದಾರಿ ಬದಲಿಸಿದ ಸಂದೇಶ ಅದೊಂದೇ.

“ರೇವಣ್ಣಾರ, ನಮ್ಮನೆಯೋರು ಫೋನ್ ಎತ್ತವಲ್ರು,” ಎಂದಳು. ಏದುಸಿರು ಬಿಡುತ್ತಿದ್ದಳು. “ಮರ ಇಲ್ಲಲ್ರಿ, ಅದಕ್ಕ ಆ ಕಂಬಕ್ಕೇ ಜೋಕಾಲಿ ಕಟ್ಟಿದ್ವಿ. ಇಬ್ಬಿಬ್ರು ನಿಂತು ಜೀಕಿದ್ರು, ಕಂಬ ಬುಡಾನೇ ಕಿತ್ಕಂಡು ಬಿತ್ತು. ಯಾರಿಗೂ ಏನೂ ಆಗಿಲ್ಲ. ಬಲೂನು ಹಾರಿ ಹೋತು. ಅದು ಹಾಳಾಗಿ ಹೋಗ್ಲಿ, ಇಲ್ಲಿ ಹೊಳಿ ನೀರು ಕೊಟ್ಟಿಗಿ ಬಾಗ್ಲಿಗೆ ಬಂದೈತೆ. ತಿಮ್ಮವ್ವ ಎಮ್ಮಿ ಬಿಚ್ಚವಲ್ಲಳು. ಪೀಪಿ ಊದಿಲ್ಲ, ಅವರು ಹೇಳಿಲ್ಲ, ಪರೀಕ್ಷಿ ಕೆಡತೈತೆ ಅಂತ ಕುಂತಾಳ. ನಾನು ಬಿಚ್ಚಾಕ ಹೋದ್ರ ಕೈ ಹಿಡಕಂತಾಳ. ಬಿಚ್ಚು ಅಂತ ಅವರ ಬಾಯಾಗ ಒಂದು ಮಾತು ಹೇಳಿಸ್ರಿ!”

“ಆಕೆ ಕೈಗೆ ಫೋನ್ ಕೊಡಮ್ಮ,” ಎಂದೆ. ಕೊಟ್ಟಳು. “ತಿಮ್ಮವ್ವ, ನಾನು ರೇವಣ್ಣ, ದಾವಣಗೆರೆಯಿಂದ. ಬಿಚ್ಚವ್ವ ಎಮ್ಮೆನ!”

“ನೀವು ಯಾರಪ್ಪಾ?” ಎಂದಳು ಮುದುಕಿ. “ನಮ್ಮ ಅಳಿಯಂದ್ರು ಹೇಳ್ಲಿ. ಮಾತು ಕೊಟ್ಟೀನಿ.”

ಕೊಟ್ಟಿಗೆಗೆ ನುಗ್ಗುವ ನೀರಿನ ಸದ್ದು ನನಗೆ ಫೋನಿನಲ್ಲಿ ಕೇಳಿಸುತ್ತಿತ್ತು. ನಾನು ಎದ್ದು ಹೋಗಿ ಕರಿಬಸವರಾಜನ ಕಿವಿಯಲ್ಲಿ ಎಲ್ಲ ಹೇಳಿದೆ. ಫೋನನ್ನು ಮುಖಕ್ಕೆ ಹಿಡಿದೆ. ಒಂದೇ ಮಾತು, ಅದೂ ಒಂದೇ ಪದ. ಆದರೆ ಆ ಪದವನ್ನು ಅಲ್ಲಿ ಗಟ್ಟಿಯಾಗಿ ಆಡಿದರೆ ತನ್ನ ಜಾಲ ಸತ್ತಿದೆ ಎಂದು ಸಾಹೇಬರ ಎದುರಿಗೆ ಒಪ್ಪಿಕೊಂಡಂತೆ.

“ಸ್ವಲ್ಪ ತಡಿ ಅನ್ನು,” ಎಂದು ಪಿಸುಗುಟ್ಟಿದ. “ಒಂದು ದಾರಿ ಬಿದ್ರೆ ಇನ್ನೊಂದು ಎತ್ಕಂತೈತೆ.”

“ಮೂರೂ ಒಂದೇ ಕಂಬದಾಗ ಅದಾವಲ್ಲೋ ಮಾರಾಯ!”

“ಮೆಲ್ಲಕ ಮಾತಾಡು!”

ನನಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಸಾಹೇಬರ ಕಡೆ ತಿರುಗಿ, “ಸಾರ್, ಅಲ್ಲಿ ಕಂಬ ಬಿದ್ದೈತೆ, ನೀರು ಏರೈತೆ, ಈ ಚಿತ್ರ ಸುಳ್ಳು,” ಎಂದು ಕೂಗಿದೆ. ಮಹೇಂದ್ರ ಸರ್ ಪರದೆ ನೋಡಿದರು. “ಎಲ್ಲ ಹಸಿರು ಇದೆಯಲ್ಲ?” ಎಂದರು. ಕಂಬ ಬಿದ್ದ ಮೇಲೂ ಕೊನೆಯ ಬಾರಿ ಕಂಡದ್ದನ್ನೇ ಆ ಪರದೆ ತೋರಿಸುತ್ತಾ ಕುಳಿತಿತ್ತು. “ನಮ್ಮ ರೇವಣ್ಣಾರು ತಮಾಷಿ ಮನುಷ್ಯ ಸಾರ್,” ಎಂದು ಕರಿಬಸವರಾಜ ನಕ್ಕ. ನಾನು ಕೊಕ್ಕರೆಯ ಮೇಲೆ ಬೆರಳಿಟ್ಟು, “ಇದು ಜೀವಂತ ಐತೇನ್ರಿ? ನೀವೇ ಹೇಳ್ರಿ,” ಎಂದೆ.

ಮಹೇಂದ್ರ ಸರ್ ಕೊಕ್ಕರೆಯನ್ನು ತುಸು ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾಗಿದ್ದು ನನಗೂ ಕಾಣಿಸಿತು. ಅವರಿಗೂ ಮೇಲೆ ಸಾಹೇಬರಿದ್ದರು, ಅವರಿಗೂ ಪ್ರಯೋಗ ಪಾಸಾಗಬೇಕಿತ್ತು. ಕೈಗಡಿಯಾರ ನೋಡಿಕೊಂಡು, “ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂದ್ರಿ?” ಎಂದು ಎದ್ದರು.

ಅವರ ಬೆನ್ನು ಬಾಗಿಲು ದಾಟುವವರೆಗೆ ಕರಿಬಸವರಾಜ ಕೈ ಮುಗಿದು ನಿಂತಿದ್ದ. ದಾಟಿದ ಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡು ಕಿರುಚಿದ: “ತಿಮ್ಮವ್ವಾ, ಬಿಚ್ಚವ್ವಾ, ನಾನೇ ಹೇಳ್ತಿದೀನಿ, ಬಿಚ್ಚು!”

ಆ ಕಡೆಯಿಂದ ಆಶಾರಾಣಿಯ ದನಿ ಬಂತು.

“ಆಕೀನ ನಾವು ನಾಲ್ಕು ಮಂದಿ ಎಳಕಂಡು ಮ್ಯಾಲೆ ಬಂದ್ವಿ. ಎಮ್ಮಿ ಸರಪಳಿ ನೀರಾಗ ಮುಳುಗಿತ್ತು, ಕೊಂಡಿ ಸಿಗಲಿಲ್ಲ. ಈಗ ಕೊಟ್ಟಿಗೀನೇ ಕಾಣವಲ್ದು.” ಆಮೇಲೆ ಅವಳು ಫೋನು ಇಟ್ಟಳು. ಕರಿಬಸವರಾಜ ಅಲೋ ಅಲೋ ಎನ್ನುತ್ತಲೇ ಇದ್ದ. ನಾನು ಫೋನು ಕಿತ್ತುಕೊಂಡು ನನ್ನ ಅಂಗಡಿಗೆ ಬಂದೆ. ಅವತ್ತು ಯಾರಿಗೂ ಝೆರಾಕ್ಸ್ ಮಾಡಿಕೊಡಲಿಲ್ಲ, ಬಂದವರ ಮೇಲೆಲ್ಲ ರೇಗಿದೆ.

ಪ್ರಯೋಗ ಪಾಸಾಯಿತು. ಬೆಂಗಳೂರಿನಿಂದ ಬಂದ ಮೆಚ್ಚುಗೆಯ ಮಾತನ್ನು ಅವನು ಗೋಡೆಯಾಚೆಯಿಂದ ಫೋನಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದನ್ನು ನಾನು ಕೇಳಿದೆ. ಯಾವ ಸಂದೇಶವೂ ನಷ್ಟವಾಗಿಲ್ಲವಂತೆ, ಓಣಿಯ ಜನರ ಶಿಸ್ತು ಮೆಚ್ಚುವಂಥದ್ದಂತೆ. ಹೊಸ ಕೊಟ್ಟಿಗೆಯ ಮಾತು ಅದರಲ್ಲಿ ಇರಲಿಲ್ಲ. ಜೋಕಾಲಿಯಿಂದಾಗಿ ಕಂಬ ಬಿತ್ತು ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದ ಉತ್ತರವೂ ನನಗೆ ಹಳೆಯದೇ: ತಪ್ಪು ಹೆಂಗಸರದ್ದು. ಹಿಂದೆ ಬೇವಿನ ಮರ, ಈಗ ಹೆಂಗಸರು. ಆಶಾರಾಣಿ ಮಾತ್ರ ಹಬ್ಬ ಮುಗಿದರೂ ತವರಿನಿಂದ ಬಂದಿರಲಿಲ್ಲ. ಮೂರು ಕಡೆಯಿಂದ ಹೇಳಿ ಕಳಿಸಿದರೂ ಬರಲಿಲ್ಲ ಎಂದು ಕೇಳಿ ನನಗೆ ಅವಳ ಮೇಲೆ ಇನ್ನಷ್ಟು ಗೌರವ ಹುಟ್ಟಿತು.

ನೀರು ಇಳಿದ ಮೇಲೆ ಕಂಬ ಮತ್ತೆ ನಿಲ್ಲಿಸುವ ಕೆಲಸ. ಫೋಟೋ ಬೇಕು ಬಾ ಎಂದು ನನ್ನನ್ನು ಕರೆದ. ಹೋಗಬಾರದಿತ್ತು, ಆದರೆ ತಿಮ್ಮವ್ವನನ್ನು ನೋಡಬೇಕೆನ್ನಿಸಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೋದೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಹೊಳೆ ತನಗೇನೂ ಗೊತ್ತಿಲ್ಲ ಎಂಬಂತೆ ಕೆಳಗೆ ಹರಿಯುತ್ತಿತ್ತು. ತಿಮ್ಮವ್ವ ಕೊಟ್ಟಿಗೆಯ ಕೆಸರನ್ನು ತೆಗೆದು ಹೊರಗೆ ಹಾಕುತ್ತಿದ್ದಳು. ಎಮ್ಮೆ ಇಲ್ಲದ ಕೊಟ್ಟಿಗೆಯನ್ನು ಯಾಕೆ ಬಳಿಯುತ್ತಿದ್ದಾಳೆ ಎಂದು ಕೇಳದೆ ಓಣಿಯಲ್ಲೇ ನಿಂತೆ.

ಮೇಲೆ ಹಿತ್ತಲಲ್ಲಿ ಕಂಬ ನಿಂತಿತು. ಹೊಸ ಬಲೂನು ಏರಿತು. ಸ್ವಿಚ್ ಹಾಕಿ ಕರಿಬಸವರಾಜ ಓಣಿಗೆ ಇಳಿದು ಬಂದ. ಬಂದು ನನ್ನ ಪಕ್ಕದಲ್ಲಿ ನಿಂತು ಪ್ಯಾಂಟಿನ ಮಣ್ಣು ಒರೆಸಿಕೊಳ್ಳುತ್ತಿದ್ದಾಗ ಸೈರನ್ ಊದಿತು.

ತಿರುಗಿ ಹೊಳೆ ಕಡೆ ನೋಡಿದೆ. ನೀರು ಇದ್ದಲ್ಲೇ ಇತ್ತು.

“ಹೆದರಬ್ಯಾಡ್ರಿ, ಹೆದರಬ್ಯಾಡ್ರಿ!” ಕರಿಬಸವರಾಜ ಮುಖ ಅರಳಿಸಿಕೊಂಡು ಕೂಗಿದ. “ಪಂಚಮಿ ದಿನದ ಸಂದೇಶ ಇದು! ಪೆಟ್ಟಿಗ್ಯಾಗ ದಾರಿಗೊಂದರಂಗ ಕಾದು ಕುಂತಿತ್ತು, ದಾರಿ ಸಿಕ್ತು, ಬಂತು. ಇದು ನೆಲದ ದಾರಿದು.” ಸೈರನ್ ನಿಂತು ಮತ್ತೆ ಊದಿತು. “ಇದು ಬಲೂನಿಂದು! ನಾನು ಹೇಳಿರಲಿಲ್ಲೇನೋ ರೇವಣ್ಣ? ತಡ ಆಗಬೌದು, ಕಳಿಯಂಗಿಲ್ಲ!”

ನಾನು ಅವನನ್ನು ನೋಡಲಿಲ್ಲ. ತಿಮ್ಮವ್ವ ಕೆಸರಿನ ಬುಟ್ಟಿ ಕೆಳಗಿಟ್ಟು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಕೊಟ್ಟಿಗೆಯೊಳಗೆ ಓಡಿದ್ದಳು. ಅಲ್ಲಿ ಗೂಟವಿತ್ತು. ಗೂಟದಲ್ಲಿ ಸರಪಳಿಯ ತುಂಡೊಂದು ಉಳಿದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ತಿರುಗಿ ಕರಿಬಸವರಾಜನನ್ನು ಕೇಳಿದಳು:

“ಈಗ ಬಿಚ್ಚಬೌದೇನಪ್ಪಾ?”

ಉಪಗ್ರಹದ ಸೈರನ್ ಊದಲು ಶುರುವಾಯಿತು. ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು, ಫೋಟೋ ತೆಗಿ ಎಂದು ಅವನು ಹೇಳಲಿಲ್ಲ.